ನಮ್ಮ ಬೀದಿಯ ಮೇಷ್ಟ್ರು ಮತ್ತು ಒಂದು ಟ್ಯೂಷನ್ ಫೀ

೧೯೭೪ರಲ್ಲಿ ನನ್ನ ಓದು ನಿಂತಿತು. ಅಮೃತೂರಿನ ಶಾಲೆಯಲ್ಲಿ ಎಂಟನೇ ಕ್ಲಾಸು ಅರ್ಧ ಆಗಿತ್ತು. ಸೋದರಮಾವ ಬಂದು, ಇವನ ಕೈ ಚುರುಕಾಗಿದೆ, ಲೇತ್ ಕೆಲಸ ಕಲಿಯಲಿ ಎಂದು ತುಮಕೂರಿಗೆ ಕರೆದುಕೊಂಡು ಹೋದರು. ಮರುಕ ಹುಟ್ಟಲಿ ಎಂದು ಇದನ್ನು ಬರೆಯುತ್ತಿಲ್ಲ. ಇಪ್ಪತ್ತು ವರ್ಷ ಬೇರೆಯವರ ಮೆಷಿನ್ನಿನ ಮುಂದೆ ನಿಂತೆ. ಆಮೇಲೆ ಅಂತರಸನಹಳ್ಳಿಯಲ್ಲಿ ಶೆಡ್ಡು ಬಾಡಿಗೆಗೆ ಹಿಡಿದು ಸ್ವಂತ ಲೇತು ಹಾಕಿದೆ. ಡ್ರಾಯಿಂಗ್ ಕೈಗೆ ಕೊಟ್ಟರೆ ಕಾಲೇಜು ಓದಿದ ಇಂಜಿನಿಯರಿಗಿಂತ ಮೊದಲು ನನಗೆ ಅರ್ಥವಾಗುತ್ತದೆ. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟು ಬರುತ್ತದೆ. ಈ ಕೊನೆಯ ಮಾತಿನಿಂದಲೇ ನನಗೂ ನನ್ನ ಮಗಳಿಗೂ ಒಮ್ಮೆ ದೊಡ್ಡ ಪೇಚಾಟವಾಯಿತು. ಅದರಿಂದ ನಮ್ಮಿಬ್ಬರನ್ನೂ ಬಿಡಿಸಿದವರು ಹೋದ ತಿಂಗಳು ಗುಬ್ಬಿಯಲ್ಲಿ, ಮಗನ ಮನೆಯಲ್ಲಿ ತೀರಿಕೊಂಡರು. ಅವರ ವಿಷಯ ಬರೆಯಬೇಕು ಎಂದು ಕೂತಿದ್ದೇನೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಬೀದಿಯವರೆಲ್ಲ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದೆವು. ಅವರು ಮೇಷ್ಟ್ರಾಗಿರಲಿಲ್ಲ. ತುಮಕೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್. ಹೊಸಬರು ಯಾರಾದರೂ, "ಯಾವ ಸಬ್ಜೆಕ್ಟು ಸಾರ್ ನಿಮ್ದು?" ಎಂದು ಕೇಳಿದರೆ, "ಧೂಳು," ಎನ್ನುತ್ತಿದ್ದರು. "ನಾನು ಪಾಠ ಮಾಡೋನಲ್ಲಪ್ಪ, ಪುಸ್ತಕ ಒರೆಸೋನು. ಇಪ್ಪತ್ತೈದು ವರ್ಷದಿಂದ ಒರೆಸ್ತಾ ಇದೀನಿ, ಇನ್ನೂ ಮುಗ್ದಿಲ್ಲ."

ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ವರ್ಷ ಗುಬ್ಬಿಯಿಂದ ದಿನಾ ರೈಲಿನಲ್ಲಿ ಓಡಾಡಿದವರು. ಎಂಬತ್ತೊಂಬತ್ತರಲ್ಲಿ ನಮ್ಮ ಪಕ್ಕದಲ್ಲಿ ಮನೆ ಕಟ್ಟಿಕೊಂಡರು. ಮನೆಯಲ್ಲಿದ್ದರೂ ಕಾಗದ ಮುಟ್ಟುವ ಮೊದಲು ಕೈ ತೊಳೆದು, ಪಂಚೆಗಲ್ಲ, ಅದಕ್ಕೆಂದೇ ಮೊಳೆಗೆ ತಗುಲಿಹಾಕಿದ್ದ ಬಿಳಿ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು. ಕರೆಂಟು ಬಿಲ್ಲಾದರೂ ಅಷ್ಟೇ, ಮದುವೆ ಕಾರ್ಡಾದರೂ ಅಷ್ಟೇ. ಯಾವ ಹುಡುಗನಾದರೂ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಏನ್ಲಾ, ನೆಕ್ಕೋಕೆ ಅದೇನು ಉಪ್ಪಿನಕಾಯಾ?" ಎಂದು ಬೈದವರು, ಆ ಹುಡುಗ ಪೆಚ್ಚಾದ ಮೇಲೆ, "ನಿಧಾನಕ್ಕೆ ತಿರುವು ಮಗ, ಅಕ್ಷರ ಎಲ್ಲೂ ಓಡೋಗಲ್ಲ," ಎಂದು ತಾವೇ ಹಾಳೆಯ ಮೂಲೆ ಎತ್ತಿ ಕೊಡುವರು.

ಜೂನ್ ತಿಂಗಳಲ್ಲಿ ನಮ್ಮ ಬೀದಿಯ ಮಕ್ಕಳ ಪುಸ್ತಕಗಳೆಲ್ಲ ಅವರ ಜಗಲಿಯ ಮೇಲೆ ಇರುತ್ತಿದ್ದವು. ಹಳೇ ಕ್ಯಾಲೆಂಡರಿನ ಹಾಳೆ ಹಾಕಿ, ಮೂಲೆ ಮಡಿಸಿ, ಮೈದಾ ಅಂಟಿನಿಂದ ಬೈಂಡ್ ಮಾಡಿ ಕೊಡುತ್ತಿದ್ದರು. ಅಂಟು ಕಾಯಿಸುವುದು ಅವರ ಹೆಂಡತಿಯ ಕೆಲಸ. "ದೋಸೆಗೆ ಇಲ್ಲದ ಮೈದಾ ಪುಸ್ತಕಕ್ಕೆ ಇರ್ತದೆ ಇವರಿಗೆ," ಎಂದು ಆ ತಾಯಿ ಗೊಣಗುತ್ತಲೇ ಕಾಯಿಸುತ್ತಿದ್ದರು. ಇಷ್ಟೆಲ್ಲ ಮಾಡಿದವರ ಗಂಡುಮಕ್ಕಳಿಬ್ಬರೂ ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಒಬ್ಬ ಬಸ್ ಡ್ರೈವರು, ಇನ್ನೊಬ್ಬ ಗುಬ್ಬಿಯಲ್ಲಿ ಅಂಗಡಿ ಇಟ್ಟ. ಅದನ್ನು ಎತ್ತಿ ಆಡಿದರೆ, "ದೀಪದ ಬುಡ ಕಣಪ್ಪ, ಕತ್ತಲೆ ಇರೋದೇ," ಎಂದು ನಕ್ಕುಬಿಡುತ್ತಿದ್ದರು.

ದೇವರಂಥ ಮನುಷ್ಯ ಎಂದು ಬರೆಯಲಾರೆ. ಅವರ ಮನೆ ತಾರಸಿಯ ನೀರು ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ಪೈಪು ತಿರುಗಿಸಿ ಎಂದಿದ್ದಕ್ಕೆ ನಾಲ್ಕು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಪೈಪನ್ನೂ ತಿರುಗಿಸಲಿಲ್ಲ. ಕೊನೆಗೆ ನಾನೇ ಒಂದು ಬಾಗಿದ ಪೈಪಿನ ತುಂಡು, ಬೆಂಡು, ಹಾಕಿ ತಿರುಗಿಸಿದೆ. ಮಾರನೆಯ ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ, "ಆ ಬೆಂಡು ಎಲ್ಲಿ ತಂದೆ?" ಎಂದು ಕೇಳಿದರು. ಅಲ್ಲಿಗೆ ಜಗಳ ಮುಗಿಯಿತು. ಅವರ ರೀತಿಯೇ ಹಾಗೆ, ಎಲ್ಲವೂ ಪ್ರಶ್ನೆಯಲ್ಲೇ. ಒಂದು ಕೇಳಿದರೆ ಉತ್ತರ ಹೇಳುತ್ತಿರಲಿಲ್ಲ, ಇನ್ನೊಂದು ಕೇಳುತ್ತಿದ್ದರು.

೨೦೦೩ರಲ್ಲಿ ನನ್ನ ಮಗಳು ಪಿಯುಸಿ ಮುಗಿಸಿದಳು. ಕೆಮಿಸ್ಟ್ರಿಯೆಂದರೆ ಅವಳಿಗೆ ಪ್ರಾಣ. ಐದು ವರ್ಷಕ್ಕೆ ನೇರವಾಗಿ ಎಂಎಸ್ಸಿ ಆಗುವ ಕೋರ್ಸಿಗೆ ಎರಡು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಹೆಸರು ಬರೆಯುವುದಿಲ್ಲ, ಒಂದು ಹತ್ತಿರದ್ದು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಇನ್ನೊಂದು ದೂರದ್ದು, ಹೋಗುವುದಕ್ಕೇ ಒಂದು ದಿನ ಬೇಕು. ಎರಡೂ ಕಡೆ ಸೀಟು ಸಿಕ್ಕಿತು, ಎರಡೂ ಕಡೆ ಸ್ಕಾಲರ್‌ಶಿಪ್ಪೂ ಸಿಕ್ಕಿತು. ಅಂಚೆಯವನು ತಪ್ಪದೆ ಸಿಗುತ್ತಾನೆಂದು ಶೆಡ್ಡಿನ ವಿಳಾಸ ಕೊಟ್ಟಿದ್ದೆವು. ಒಂದೇ ವಾರದಲ್ಲಿ ಎರಡೂ ಕಾಗದ ನನ್ನ ಕೈಗೇ ಬಂದವು.

ಮೆಷಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ಎಲ್ಲರ ಎದುರಿಗೆ ಒಡೆದು ಓದಿದೆ. ಹತ್ತಿರದ್ದರಲ್ಲಿ ಫ್ರೀಶಿಪ್ ಎಂದಿತ್ತು, ಫೀಸಿಲ್ಲ ಎಂದು ತಿಳಿಯಿತು, ಹಾಸ್ಟೆಲ್ ಎಂದಿತ್ತು. ದೂರದ್ದರಲ್ಲೂ ಹಾಸ್ಟೆಲ್ ಎಂದಿತ್ತು. ಆದರೆ ಅದರ ಮೇಲಿನ ಸಾಲಿನಲ್ಲಿ ಟ್ಯೂಷನ್ ಎಂದಿತ್ತು. ಟ್ಯೂಷನ್ ಫ್ರೀ ಎಂದು ಓದಿದೆ. ಅಷ್ಟು ಸಾಕಾಯಿತು.

ನನ್ನ ಶೆಡ್ಡಿನ ಕೆಲಸಗಾರ ಶಿವಣ್ಣ, ಲೇತ್ ಕೆಲಸದಲ್ಲಿ ನನಗಿಂತ ಹಳಬ, ಬಾಯಿ ಸುಮ್ಮನಿರದವನು. "ಏನ್ ಯಜಮಾನ್ರೇ, ಯೂನಿವರ್ಸಿಟಿನೋರೂ ಸಂಜೆ ಟ್ಯೂಷನ್ ಇಟ್ಟವ್ರಾ? ನಮ್ಮ ಬೀದಿ ಮಿಸ್ಸು ಇಟ್ಟಂಗೆ?"

"ನನ್ನ ಮಗಳು ಎಸ್ಸೆಲ್ಸಿಗೂ ಟ್ಯೂಷನ್ನಿಗೆ ಹೋಗಿಲ್ಲ, ಪಿಯುಸಿಗೂ ಹೋಗಿಲ್ಲ," ಎಂದೆ. "ದಡ್ಡರನ್ನ ಕೂಡಿಸ್ಕೊಂಡು ಪುಕ್ಕಟೆ ಟ್ಯೂಷನ್ ಹೇಳೋ ಕಡೆಗೆ ಅವಳ್ನ ಕಳಿಸ್ತೀನಾ? ಹತ್ತಿರದ್ದೇ ಗಟ್ಟಿ."

ಮನೆಗೆ ಬಂದು ಅದನ್ನೇ ಹೇಳಿದೆ. ಮಗಳು ಕಾಗದ ಓದಿದಳು. "ಅಪ್ಪಾ, ಅದು ಹಂಗಲ್ಲ..." ಎಂದಳು.

"ಹಂಗಲ್ಲ ಅಂದ್ರೆ? ನಂಗೆ ಓದೋಕ್ ಬರಲ್ಲ ಅಂತೀಯಾ?"

ಅವಳು ಕಾಗದ ಮಡಿಸಿ ಲಕೋಟೆಗೆ ಹಾಕಿದಳು. ಹೆಂಡತಿ, "ರೀ, ಅವಳು ಏನ್ ಹೇಳ್ತಾಳೋ ಕೇಳಿ," ಎಂದಳು. ನಾನು ಕೇಳಲಿಲ್ಲ. ಹದಿನೈದು ದಿನದೊಳಗೆ ಒಂದು ಕಡೆಗೆ ಒಪ್ಪಿಗೆ ಕಳಿಸಬೇಕಿತ್ತು. ತಂದೆಯ ಸಹಿ ಬೇಕಿತ್ತು. ಸಹಿ ನನ್ನದು, ತೀರ್ಮಾನವೂ ನನ್ನದು ಎಂದುಕೊಂಡು ಊಟ ಮಾಡಿ ಮಲಗಿದೆ.

ಭಾನುವಾರ ಬೆಳಿಗ್ಗೆ ಫಾರಂ ತುಂಬಿಸಲು ಮೇಷ್ಟ್ರ ಜಗಲಿಗೆ ಹೋದೆ. ಆಗ ಅವರು ರಿಟೈರಾಗಿ ಎರಡು ವರ್ಷವಾಗಿತ್ತು. ಕೈ ತೊಳೆದು ಬಂದು ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು ಓದಿದರು.

"ಯಾವುದಕ್ಕೆ ತುಂಬ್ಲಿ?"

"ಹತ್ತಿರದ್ದಕ್ಕೆ."

"ಯಾಕೆ?"

ಟ್ಯೂಷನ್ ವಿಷಯ ಹೇಳಿದೆ. ಶಿವಣ್ಣನಿಗೆ ಕೊಟ್ಟ ಉತ್ತರವನ್ನೂ ಹೇಳಿದೆ. ಅವರು ನಗಲಿಲ್ಲ. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು. ಕೂತುಕೊಂಡು, ನನ್ನ ಕಡೆಗೆ ನೋಡದೆ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಹೇಳಿದರು: "ಇದೇ ಟ್ಯೂಷನ್ನಿಂದ ನಾನು ಒಂದ್ಸಲ ಕೆಲಸ ಕಳ್ಕೊಳ್ತಿದ್ದೆ ಕಣಪ್ಪ. ಎಪ್ಪತ್ತೆರಡನೇ ಇಸ್ವಿ. ನಮ್ಮ ಗುಬ್ಬಿ ಕಡೆ ಹುಡುಗ ಒಬ್ಬ ಫೀಸಿನ ಚೀಟಿ ಹಿಡ್ಕೊಂಡು ಲೈಬ್ರರಿಗೆ ಬಂದ. ಟ್ಯೂಷನ್ ಫೀ ಅಂತ ಬರ್ದಿತ್ತು. ನೀನ್ಯಾವ ಟ್ಯೂಷನ್ನಿಗೆ ಹೋಗ್ತೀಯಲಾ, ಕಟ್ಬೇಡ ಬುಡು ಅಂದ್ಬುಟ್ಟೆ. ಅವನು ಕಟ್ಟಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹೊಡೆದಾಕಿದ್ರು. ಪ್ರಿನ್ಸಿಪಾಲ್ರು ನನ್ನ ಕರೆದು ಬೈದ್ರು ನೋಡು, ಕಿವೀಲಿ ರಕ್ತ ಬರೋ ಹಂಗೆ. ಕಾಲೇಜಿನೋರು ಕಾಲೇಜು ಫೀಸಿಗೇ ಟ್ಯೂಷನ್ ಫೀ ಅಂತಾರೆ ಅಂತ ಅವತ್ತು ಗೊತ್ತಾಯ್ತು. ಕನ್ನಡದೋರಿಗೆ ಅರ್ಥ ಆಗ್ಬಾರ್ದು ಅಂತಲೇ ಬರೀತಾರೋ ಏನೋ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಲ್ಲ ಮೇಷ್ಟ್ರೇ, ಕಾಲೇಜಲ್ಲೇ ಇದ್ಕೊಂಡು ಇಷ್ಟೂ ಗೊತ್ತಿರ್ಲಿಲ್ವಾ ನಿಮ್ಗೆ?"

"ಎಲ್ಲಿ ಗೊತ್ತಾಗ್ಬೇಕು? ಧೂಳು ಒರೆಸೋನಿಗೆ," ಎಂದರು.

ಆಮೇಲೆ ಆರು ವರ್ಷ ನಾನು ಅವರನ್ನು ಈ ಮಾತಿಗೆ ರೇಗಿಸಿದೆ. ಬೀದಿಯಲ್ಲಿ ಯಾರದಾದರೂ ಮಕ್ಕಳಿಗೆ ಫೀಸು ಕಟ್ಟುವ ಕಾಲ ಬಂದರೆ, "ಮೇಷ್ಟ್ರನ್ನ ಮಾತ್ರ ಕೇಳ್ಬೇಡಿ," ಎನ್ನುತ್ತಿದ್ದೆ. ಅವರು ಸುಮ್ಮನೆ ತಲೆ ಆಡಿಸುತ್ತಿದ್ದರು. ಹೋದ ತಿಂಗಳು ಗುಬ್ಬಿಯಲ್ಲಿ ಹನ್ನೊಂದನೇ ದಿನದ ಊಟ ಮುಗಿಸಿ ಕೂತಿದ್ದಾಗ, ದುಃಖ ಹಗುರಾಗಲಿ ಎಂದು ಅವರ ಹೆಂಡತಿಯ ಹತ್ತಿರ ಇದೇ ಕಥೆ ಎತ್ತಿದೆ. ಆ ತಾಯಿ ಹೇಳಿದರು: "ಹಂಗ್ಯಾವತ್ತೂ ಆಗಿಲ್ಲ ಕಣಪ್ಪ. ಎಪ್ಪತ್ತೆರಡರಲ್ಲಿ ಇವರಿನ್ನೂ ಇಲ್ಲೇ ಮಂಡೀಲಿ ಕೊಬ್ಬರಿ ಚೀಲ ಹೊಲೀತಿದ್ರು. ಕಾಲೇಜಿಗೆ ಸೇರಿದ್ದು ಎಪ್ಪತ್ತಾರಕ್ಕೆ. ನೀನು ಬರೋ ಹಿಂದಿನ ದಿನ ನಿನ್ನ ಮಗಳು ನಮ್ಮ ಅಡುಗೆಮನೇಲಿ ಕೂತು ಅತ್ತಿದ್ಲು. ಅಪ್ಪಂಗೆ ನೀವೇ ಹೇಳಿ ತಾತ, ಆದ್ರೆ ಅಪ್ಪಂಗೆ ಬೇಜಾರಾಗ್ಬಾರ್ದು ಅಂದ್ಲು. ಇವರು ರಾತ್ರಿ ಊಟ ಮಾಡ್ತಾ ಮಾಡ್ತಾ ಆ ಕಥೆ ಕಟ್ಟಿದ್ರು. ಪ್ರಿನ್ಸಿಪಾಲ್ರು ಬೈದಿದ್ದು ಅಂತ ಸೇರಿಸ್ಲಾ ಬೇಡ್ವಾ ಅಂತ ನನ್ನ ಕೇಳಿದ್ರು."

ಗುಬ್ಬಿಯಿಂದ ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಪಕ್ಕದವರು ಏನು ಕೇಳಿದರು, ನಾನೇನು ಹೇಳಿದೆ, ಒಂದೂ ನೆನಪಿಲ್ಲ.

ಆ ಭಾನುವಾರಕ್ಕೆ ಮರಳುತ್ತೇನೆ. ಟ್ಯೂಷನ್ ಗಂಟು ಬಿಚ್ಚಿತು. ಈಗ ಎರಡೂ ಕಾಗದ ಒಂದೇ ಆದವು: ಅಲ್ಲೂ ಫೀಸಿಲ್ಲ, ಇಲ್ಲೂ ಫೀಸಿಲ್ಲ, ಅಲ್ಲೂ ಹಾಸ್ಟೆಲ್, ಇಲ್ಲೂ ಹಾಸ್ಟೆಲ್. "ಹಂಗಾದ್ರೆ ಹೆಂಗೆ ಆರಿಸೋದು ಮೇಷ್ಟ್ರೇ?" ಎಂದೆ.

"ನೀನು ಹಳೇ ಮೆಷಿನ್ ಕೊಳ್ಳೋವಾಗ ಏನ್ ನೋಡ್ತೀಯ?"

"ಬಣ್ಣ ನೋಡಲ್ಲ. ಟೂಲು ಜಾರೋ ಬೆಡ್ಡು ಎಲ್ಲಿ ಸವೆದಿದೆ ನೋಡ್ತೀನಿ."

"ಹಂಗೇನೇ. ಲೈಬ್ರರಿಗೆ ಹೋಗಿ ಪುಸ್ತಕದ ಹಿಂದಿನ ರಟ್ಟು ತೆಗೆದು ನೋಡ್ಬೇಕು."

ಲೈಬ್ರರಿ ಪುಸ್ತಕದ ಕೊನೆಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ತೆಗೆದುಕೊಂಡು ಹೋದವರು ಹಿಂದಕ್ಕೆ ಕೊಡಬೇಕಾದ ತಾರೀಖನ್ನು ಅದರ ಮೇಲೆ ಮುದ್ರೆ ಒತ್ತುತ್ತಾರೆ. ಆ ಚೀಟಿ ಅಂಟಿಸುವುದು ಅವರ ಇಡೀ ನೌಕರಿ. ಚೀಟಿ ತುಂಬಿದ್ದರೆ ಅಲ್ಲಿ ಓದುವವರಿದ್ದಾರೆ, ಖಾಲಿಯಿದ್ದರೆ ಬೀರು ಮಾತ್ರ ಇದೆ ಎಂಬುದು ಅವರ ಲೆಕ್ಕ. "ಕಟ್ಟಡ ಸುಳ್ಳು ಹೇಳ್ತದೆ, ಪ್ರಿನ್ಸಿಪಾಲ್ರೂ ಹೇಳ್ತಾರೆ. ಚೀಟಿ ಹೇಳಲ್ಲ," ಎಂದರು. ಕರೆಯದೆಯೇ ಜೊತೆಗೆ ಹೊರಟರು.

ಮೊದಲು ಹತ್ತಿರದ್ದಕ್ಕೆ ನಾನು, ಮಗಳು, ಮೇಷ್ಟ್ರು ಮೂವರೂ ಹೋದೆವು. ಹಳೇ ಕಟ್ಟಡ, ಕಿಟಕಿಗೆ ಗಾಜಿಲ್ಲ. ಲೈಬ್ರರಿಯ ಅಟೆಂಡರ್ ಮೊದಲು ಒಳಗೆ ಬಿಡಲಿಲ್ಲ. ಇವರು, "ಅಂಟಿಗೆ ಮೈಲುತುತ್ತ ಹಾಕ್ತೀರೋ ಇಲ್ವೋ? ಜಿರಳೆ ಬರಲ್ವಾ?" ಎಂದು ಕೇಳಿದ್ದೇ ತಡ, ಅವನು ಕುರ್ಚಿ ಕೊಟ್ಟ, ಕಾಫಿ ತರಿಸಿದ. ಪುಸ್ತಕಗಳ ಚೀಟಿಯ ಮೇಲೆ ಚೀಟಿ, ಅದರ ಮೇಲೊಂದು ಚೀಟಿ. ಒಂದು ಕೆಮಿಸ್ಟ್ರಿ ಪುಸ್ತಕದಲ್ಲಿ ನಾಲ್ಕು ಪದರ ಇತ್ತು. ಮೇಷ್ಟ್ರು ಅದನ್ನು ಉಗುರಿನಿಂದ ಎತ್ತಿ ಎಣಿಸಿದರು. ಅವರ ಮುಖ ನೋಡಿದರೆ ಮೊಮ್ಮಗುವಿನ ಹಲ್ಲು ಎಣಿಸುವ ಹಾಗಿತ್ತು.

ಮುಂದಿನ ವಾರ ದೂರದ್ದಕ್ಕೆ ಹೋದೆವು. ಛತ್ರದಲ್ಲಿ ಉಳಿದುಕೊಂಡೆವು. ಅಲ್ಲಿ ಎಲ್ಲ ಹೊಸದು. ಲೈಬ್ರರಿಯಲ್ಲಿ ಗಾಜಿನ ಬೀರು, ಬೀರಿಗೆ ಬೀಗ. ಬೀಗ ತೆಗೆಸಿ ನೋಡಿದರೆ ಪುಸ್ತಕದ ಹಾಳೆ ಅಂಟಿಕೊಂಡಿದ್ದವು, ಚೀಟಿ ಬಿಳಿಯಾಗಿತ್ತು. ಮೇಷ್ಟ್ರು ಪುಸ್ತಕ ಮುಚ್ಚಿ ಕೈ ಒರೆಸಿಕೊಂಡರು. ನನಗೆ ಒಳಗೊಳಗೇ ಖುಷಿ. ಟ್ಯೂಷನ್ ವಿಷಯ ಏನೇ ಇರಲಿ, ಹತ್ತಿರದ್ದೇ ಗಟ್ಟಿ ಎಂದು ಶೆಡ್ಡಿನಲ್ಲಿ ನಾನು ಆಡಿದ ಮಾತು ಉಳಿಯಿತಲ್ಲ. ಮಗಳು ಮಾತ್ರ ನಮ್ಮ ಜೊತೆ ಇರಲಿಲ್ಲ. ಇಲ್ಲೂ ಲ್ಯಾಬು ನೋಡುತ್ತೇನೆ ಎಂದು ಹೋದವಳು ಎರಡು ಗಂಟೆಯಾದರೂ ಬರಲಿಲ್ಲ.

ಮಾರನೆಯ ದಿನ ಹೊರಟು ಕುಣಿಗಲ್ ಸೇರಿದಾಗ ಸಂಜೆ ನಾಲ್ಕು. ತುಮಕೂರು ಬಸ್ಸಿಗೆ ಕಾಯುತ್ತಾ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತೆವು. ನಾನು ಕಾಫಿ ಹೇಳಿ, "ಸರಿ, ನಾಳೆ ಹತ್ತಿರದ್ದಕ್ಕೆ ಸಹಿ ಹಾಕ್ತೀನಿ," ಎಂದೆ.

ಮಗಳು ಲೋಟ ಕೆಳಗಿಟ್ಟಳು. "ಅಪ್ಪಾ, ನಂಗೆ ದೂರದ್ದು ಬೇಕು."

"ಯಾಕಮ್ಮ? ಚೀಟಿ ನೋಡ್ಲಿಲ್ವಾ ನೀನು?"

"ನಾನು ಬಾಟ್ಲಿ ನೋಡ್ದೆ. ಹತ್ತಿರದ್ದರಲ್ಲಿ ಬಾಟ್ಲಿ ಮೇಲೆ ಅಚ್ಚು ಹಾಕಿರೋ ಲೇಬಲ್ ಇತ್ತು, ಧೂಳು ಹಿಡಿದಿತ್ತು. ಅಲ್ಲಿನ ಲೆಕ್ಚರರ್ ಮಾಡಿ ತೋರಿಸ್ತಾರೆ, ನಾವು ದೂರದಲ್ಲಿ ನಿಂತು ನೋಡ್ಬೇಕಂತೆ. ದೂರದ್ದರಲ್ಲಿ ಪ್ರತಿ ಬಾಟ್ಲಿ ಮೇಲೂ ಹುಡುಗೀರ ಕೈಬರಹ. ಕಲಸಿದ ತಾರೀಖು, ಹೆಸರು, ಎಲ್ಲ ಅವರೇ ಬರ್ದಿದಾರೆ. ಒಬ್ಳು ಅಕ್ಕ ನನ್ನ ಕೈಯಲ್ಲೂ ಒಂದು ಬರೆಸಿದ್ಲು."

ನಾನು ಮೇಷ್ಟ್ರ ಕಡೆ ನೋಡಿದೆ. ಅವರ ಚೀಟಿ ಪರೀಕ್ಷೆಯಲ್ಲಿ ಗೆದ್ದಿದ್ದು ಹತ್ತಿರದ್ದು, ಹಾಗಾಗಿ ನನ್ನ ಕಡೆಗೇ ಮಾತಾಡುತ್ತಾರೆ ಎಂದುಕೊಂಡೆ. ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿದುಕೊಳ್ಳುತ್ತಾ ಕೂತಿದ್ದರು.

"ನೀವೇ ಹೇಳಿ ಮೇಷ್ಟ್ರೇ."

"ನಿನ್ನ ಶೆಡ್ಡಲ್ಲಿ ಜಾಬಿಗೆ ಯಾವ ಟೂಲ್ ಹಾಕ್ಬೇಕು ಅಂತ ಯಾರು ಆರಿಸ್ತಾರೆ?"

"ಮೆಷಿನ್ ಮುಂದೆ ನಿಂತಿರೋನು. ಇನ್ಯಾರು?"

"ಆರ್ಡರ್ ಕೊಟ್ಟೋನು ಬಂದು, ಇಂಥದ್ದೇ ಹಾಕು ಅಂದ್ರೆ?"

"ಹೊರಗಡೆ ನಿಂತ್ಕೊಳ್ಳಿ ಸಾರ್ ಅಂತೀನಿ."

ಅವರು ಕಾಫಿ ಕುಡಿದರು. ನಾನೂ ಕುಡಿದೆ. ಎರಡು ತುಮಕೂರು ಬಸ್ಸು ಹೋದವು, ಯಾರೂ ಏಳಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಮಗಳ ಓದಲ್ಲ, ಸೋಮವಾರ ಶಿವಣ್ಣನ ಮುಖ. ಅದು ಗೊತ್ತಾದಾಗ ನನಗೇ ನಾಚಿಕೆಯಾಯಿತು. ಐದು ವರ್ಷ ಆ ಲ್ಯಾಬಿನಲ್ಲಿ ನಿಲ್ಲುವವಳು ಅವಳು. ಆಡಿದ ಮಾತು ಉಳಿಸಿಕೊಳ್ಳುವುದಕ್ಕೆ ಅವಳನ್ನು ಅಡ ಇಡಲು ಹೊರಟಿದ್ದೆ.

"ಪೆನ್ನು ಕೊಡಿ ಮೇಷ್ಟ್ರೇ," ಎಂದೆ.

ದೂರದ್ದರ ಫಾರಮ್ಮನ್ನು ಮಗಳು ಬ್ಯಾಗಿನಿಂದ ತೆಗೆದಳು. ಮೇಜಿನ ಮೇಲೆ ಚೆಲ್ಲಿದ್ದ ಕಾಫಿಯನ್ನು ಮೇಷ್ಟ್ರು ತಮ್ಮ ಕರ್ಚೀಫಿನಿಂದ ಎರಡು ಸಲ ಒರೆಸಿ, ಒಣಗಿದೆಯಾ ಎಂದು ಅಂಗೈ ಇಟ್ಟು ನೋಡಿ, ಆಮೇಲೆ ಕಾಗದ ಇಡಲು ಬಿಟ್ಟರು. ನಾನು ಸಹಿ ಹಾಕಿದೆ. ಬಸ್ಸಿನಲ್ಲಿ ಅವರು ಮಗಳ ಪಕ್ಕ ಕೂತು, "ಮೂವತ್ತು ವರ್ಷ ಆಗ್ತಾ ಬಂತು, ಒಂದ್ಸಲಾನೂ ಬಾಟ್ಲಿ ನೋಡ್ಬೇಕು ಅಂತ ನಂಗೆ ಹೊಳೀಲಿಲ್ಲ ನೋಡವ್ವ," ಎಂದು ಹೆಬ್ಬೂರು ದಾಟುವ ತನಕ ಹೇಳುತ್ತಲೇ ಇದ್ದರು. ಸೋತದ್ದಕ್ಕೆ ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಸೋಮವಾರ ಶಿವಣ್ಣ ಕೇಳಿಯೇ ಕೇಳಿದ. "ಏನ್ ಯಜಮಾನ್ರೇ, ಟ್ಯೂಷನ್ ಕಡೆಗೇ ಕಳಿಸ್ತಿದೀರಂತೆ?"

"ಆ ಕಾಗದ ಬರೆದೋನು ಸರಿಯಾಗಿ ಬರ್ದಿರ್ಲಿಲ್ಲ ಕಣೋ," ಎಂದೆ.

ಅದು ಸುಳ್ಳು. ಕಾಗದ ಸರಿಯಾಗಿಯೇ ಇತ್ತು. ಗುಬ್ಬಿಯಿಂದ ಬಂದ ಮಾರನೆಯ ದಿನ ಶೆಡ್ಡಿಗೆ ಹೋಗಿ, ಮೆಷಿನ್ ಆನ್ ಮಾಡುವ ಮೊದಲು ಶಿವಣ್ಣನನ್ನು ಕರೆದು, ತಪ್ಪು ಓದಿದ್ದು ನಾನು ಎಂದು ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ನೋಡಿಕೊಂಡು, "ಅದು ನಮ್ಗೆ ಅವತ್ತೇ ಗೊತ್ತಿತ್ತು ಬುಡಿ," ಎಂದ. "ಅವತ್ತು ಸಂಜೆ ಮೇಷ್ಟ್ರು ಬಂದು, ಯಾರೂ ಎತ್ತಿ ಆಡ್ಬೇಡಿ ಅಂತ ಹೇಳೋಗಿದ್ರು."

ಮಗಳು ಐದು ವರ್ಷ ಅಲ್ಲಿ ಓದಿದಳು. ಮೊದಲ ವರ್ಷ ಇಂಗ್ಲಿಷಿನಲ್ಲಿ ಕಷ್ಟಪಟ್ಟಳು, ಎರಡು ಸಲ ಫೋನಿನಲ್ಲಿ ಅತ್ತಳು, ವಾಪಸ್ ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಈಗ ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಾಳೆ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗುತ್ತಾಳೆ.

ಈಗ ನನ್ನ ಹತ್ತಿರ ಮೂರು ಲೇತು ಇವೆ, ಒಂದು ಡ್ರಿಲ್ಲಿಂಗ್ ಮೆಷಿನ್ ಇದೆ, ಏಳು ಜನ ಕೆಲಸದವರಿದ್ದಾರೆ. ಉಪ್ಪಾರಹಳ್ಳಿಯಲ್ಲಿ ಒಂದು ಮನೆ, ಅಮೃತೂರಿನಲ್ಲಿ ನನ್ನ ಪಾಲಿಗೆ ಬಂದ ಹನ್ನೊಂದು ತೆಂಗಿನ ಮರ. ಒಬ್ಬಳು ಹೆಂಡತಿ, ಒಬ್ಬಳು ಮಗಳು. ಮನೆಯಲ್ಲಿ ಪುಸ್ತಕ ನೂರಾ ನಲವತ್ತು, ಎಲ್ಲ ಮಗಳವು. ಅದರಲ್ಲಿ ನಾನು ಓದಿ ಮುಗಿಸಿರುವುದು ಮೂರು. ನಾಲ್ಕನೆಯದು ಅರ್ಧ ಆಗಿದೆ.